ಹಿಂದಿನ ಸೀಟಿನ ಮಾತು

ನನ್ನ ಬೈಕಿನ ಎರಡೂ ಸೈಲೆನ್ಸರ್‌ಗಳು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ತೂತಾದವು. ಅದು ದೂರದ ಊರುಗಳಿಗೆ ಹೋಗಲೆಂದೇ ಮಾಡಿದ ಬೈಕು. ಎರಡು ಸಿಲಿಂಡರ್, ಅಗಲವಾದ ಸೀಟು, ಹಿಂದೆ ಎರಡು ಬದಿಗೂ ಪೆಟ್ಟಿಗೆ. ಕೊಂಡ ಹೊಸತರಲ್ಲಿ ನಾನೂ ನನ್ನ ಹೆಂಡತಿಯೂ ಊಟದ ಹೊತ್ತಿಗೆಲ್ಲ ಊರುಗಳ ಹೆಸರು ಹೇಳಿಕೊಳ್ಳುತ್ತಿದ್ದೆವು. ಹಂಪಿಗೆ ಒಮ್ಮೆ ಹೋಗಿ ಬಂದದ್ದೂ ಆಯಿತು. ಆಮೇಲೆ ಆ ಪೆಟ್ಟಿಗೆಗಳಲ್ಲಿ ಕ್ಯಾಲ್ಸಿಯಂ ಬಾಟಲಿ, ಸಿರಿಂಜು, ಭುಜದವರೆಗೆ ಬರುವ ಕೈಗವಸುಗಳು ಸೇರಿಕೊಂಡವು. ಬಟ್ಟೆ ಇಡಲು ಜಾಗ ಉಳಿಯಲಿಲ್ಲ.

ನಾನು ದನದ ಡಾಕ್ಟರು. ಮನೆ ಕೊಪ್ಪದಲ್ಲಿ, ಆಸ್ಪತ್ರೆಯೂ ಅಲ್ಲೇ ಹತ್ತಿರ. ಆದರೆ ಶೃಂಗೇರಿ ಕಡೆ ಒಂದು, ನರಸಿಂಹರಾಜಪುರದ ಕಡೆ ಒಂದು ಜಾಗ ಖಾಲಿಯಾದಾಗ ಎರಡನ್ನೂ ನನ್ನ ಹೆಗಲಿಗೆ ಹಾಕಿದರು. ಸ್ವಲ್ಪ ದಿನ ನೋಡಿಕೊಳ್ಳಿ ಅಂದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಬೆಳಿಗ್ಗೆ ಒಂದು ಕೊಟ್ಟಿಗೆಯಲ್ಲಿ ಬಗ್ಗಿದವನು ಸಂಜೆ ಇನ್ನೊಂದು ತಾಲ್ಲೂಕಿನ ಕೊಟ್ಟಿಗೆಯಲ್ಲಿ ಬೆನ್ನು ನೆಟ್ಟಗೆ ಮಾಡುತ್ತಿದ್ದೆ. ಮನೆಗೆ ಬಂದರೆ ಸ್ನಾನಕ್ಕೆ ಏಳಲೂ ಆಗದೆ ಜಗಲಿಯ ಮೇಲೆ ಹಾಗೇ ಕೂತಿರುತ್ತಿದ್ದೆ.

ಹೆಂಡತಿ ಶೆಟ್ಟಿಕೊಪ್ಪದ ಆಚೆಗಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಬೆಳಿಗ್ಗೆ ನಾನು ಅವಳನ್ನು ಶಾಲೆಗೆ ಬಿಟ್ಟು ಮುಂದೆ ಹೋಗುತ್ತಿದ್ದೆ, ಸಂಜೆ ಅವಳು ಬಸ್ಸಿಗೆ ಬರುತ್ತಿದ್ದಳು. ಮನೆಯಲ್ಲಿ ಅವಳಿಗೆ ಅಡುಗೆ, ಉತ್ತರಪತ್ರಿಕೆ, ನನಗೆ ಫೋನು. ಆದ್ದರಿಂದ ನಾವಿಬ್ಬರೇ ಇರುತ್ತಿದ್ದದ್ದು ಅಂದರೆ ಬೈಕಿನ ಮೇಲೆ ಮಾತ್ರ. ಸಂಸಾರದ ಮಾತೆಲ್ಲ ಆ ದಾರಿಯಲ್ಲೇ ಆಗುತ್ತಿತ್ತು. ಗ್ಯಾಸ್ ಮುಗಿದದ್ದು, ಅವಳ ತಮ್ಮನ ಮನೆಯ ಗೃಹಪ್ರವೇಶ, ಮಂಗಳೂರಲ್ಲಿ ಓದುತ್ತಿದ್ದ ಮಗಳ ಹಲ್ಲುನೋವು. ಅವಳು ನನ್ನ ಹೆಗಲಿನ ಹತ್ತಿರ ಮುಖ ತಂದು ಹೇಳುತ್ತಿದ್ದಳು, ನಾನು ತಲೆ ಸ್ವಲ್ಪ ಓರೆ ಮಾಡಿ ಉತ್ತರ ಕೊಡುತ್ತಿದ್ದೆ.

ಆ ವರ್ಷ ಅವಳ ಗಂಟಲು ಕೆಟ್ಟಿತು. ಮೊದಲು ಶೀತ ಅಂದುಕೊಂಡೆವು. ಕಷಾಯ, ಉಪ್ಪುನೀರು ಎಲ್ಲ ಆಯಿತು. ದನಿ ಮಾತ್ರ ದಿನದಿಂದ ದಿನಕ್ಕೆ ಒಡೆಯುತ್ತಾ ಹೋಯಿತು. ಮಧ್ಯಾಹ್ನದ ನಂತರದ ಪಿರಿಯಡ್ಡಿನಲ್ಲಿ ಬರೀ ಗಾಳಿ ಬರುತ್ತದೆ ಅನ್ನುತ್ತಿದ್ದಳು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಗಂಟಲಿನ ಡಾಕ್ಟರು ಸಣ್ಣ ಕ್ಯಾಮರಾ ಇಳಿಸಿ ನೋಡಿ, ಕೂಗಿ ಕೂಗಿ ಸ್ವರದ ತಂತಿಯ ಮೇಲೆ ಗಂಟು ಕಟ್ಟಿದೆ ಅಂದರು.

"ಜೋರಾಗಿ ಮಾತಾಡೋ ಹಾಗಿಲ್ಲ. ಪಿಸುಪಿಸು ಅನ್ನೋದೂ ಬೇಡ, ಅದೂ ತೊಂದರೆನೇ. ಪಕ್ಕದಲ್ಲಿ ಕೂತವರ ಹತ್ರ ಮಾತಾಡಿದ ಹಾಗೆ ಮೆಲ್ಲಗೆ ಮಾತಾಡಿ."

ಬಸ್ಸಿನಲ್ಲಿ ವಾಪಸ್ ಬರುವಾಗ ಅವಳು ಕೇಳಿದಳು, "ಕೊನೇ ಬೆಂಚಿನವರು ನನ್ನ ಪಕ್ಕ ಬಂದು ಕೂರ್ತಾರಾ?" ನಾನು ನಕ್ಕೆ. ಅವಳು ನಗಲಿಲ್ಲ.

ಸೈಲೆನ್ಸರ್ ತೂತಾದದ್ದು ಅದೇ ಸುಮಾರಿಗೆ. ಮಳೆ ನಿಂತ ಮೇಲೆ ಕೊಪ್ಪದ ಮೆಕ್ಯಾನಿಕ್ ಹತ್ತಿರ ಹೋದೆ. ನನ್ನದೇ ವಯಸ್ಸಿನ ಮನುಷ್ಯ, ಸೌಂಡ್ ಅಂದರೆ ಪ್ರಾಣ. ರಸ್ತೆಯಲ್ಲಿ ಹೋಗುವ ಬೈಕನ್ನು ನೋಡದೆಯೇ ಇದು ಇಂಥದ್ದು ಎಂದು ಹೇಳುವುದು ಅವನ ಹೆಮ್ಮೆ. ನನ್ನ ಹಳೆಯ ಜೋಡಿಯನ್ನು ಸ್ಪ್ಯಾನರಿನಿಂದ ತಟ್ಟಿ, ಪುಡಿ ಉದುರಿದ್ದನ್ನು ನೋಡಿ ತಲೆ ಅಲ್ಲಾಡಿಸಿದ.

"ಡಾಕ್ಟ್ರೇ, ಕಂಪೆನೀದು ಬೇಡ. ಇಷ್ಟು ದೊಡ್ಡ ಗಾಡಿ ಇಟ್ಕೊಂಡು ಹೊಲಿಗೆ ಮಿಷನ್ ಥರ ಓಡಿಸ್ತೀರಲ್ಲ ಮಾರಾಯ್ರೆ! ಇದು ಕೇಳಿ ಒಂದ್ಸಲ."

ಅವನು ಸಣ್ಣ, ಗಿಡ್ಡನೆಯ ಒಂದು ಜೋಡಿಯನ್ನು ಸಿಕ್ಕಿಸಿ ಸ್ಟಾರ್ಟ್ ಮಾಡಿದ. ಆ ಶಬ್ದ ಎದೆಯೊಳಗೆ ಬಂದು ಕೂತಿತು. ಗಡಸು, ತುಂಬಿದ ಸದ್ದು. ಆಕ್ಸಿಲರೇಟರ್ ಬಿಟ್ಟಾಗ ಹಿಂದಿನಿಂದ ಗುಡುಗುಡು ಎಂದು ಇಳಿಯುತ್ತಿತ್ತು. ಎಷ್ಟೋ ತಿಂಗಳ ಮೇಲೆ ಏನೋ ಒಂದು ನನಗೆ ನಿಜವಾಗಿ ಹಿಡಿಸಿತ್ತು. ಪೊಲೀಸರು ಹಿಡಿಯಲ್ವಾ ಎಂದು ಬಾಯಿಮಾತಿಗೆ ಕೇಳಿದೆ. "ಅವರ ಮನೇಲೂ ದನ ಇದಾವೆ, ಡಾಕ್ಟ್ರನ್ನ ಯಾರೂ ಹಿಡಿಯಲ್ಲ," ಎಂದ. ಹಾಕಿಸಿಕೊಂಡು ಬಂದೆ.

ಹೆಂಡತಿ ಗೇಟಿನಲ್ಲಿ ನಿಂತು ನೋಡಿ, "ಚೆನ್ನಾಗಿದೆ," ಎಂದಳು. ಅಷ್ಟೇ. ನಾನು ಇನ್ನೇನನ್ನೂ ಕೇಳಲಿಲ್ಲ.

ದನಗಳು ಚೆನ್ನಾಗಿದೆ ಅನ್ನಲಿಲ್ಲ. ಅಂಗಳಕ್ಕೆ ಬೈಕು ಬಂದರೆ ಗಬ್ಬದ ಹಸುಗಳು ಹಗ್ಗ ಜಗ್ಗುತ್ತಿದ್ದವು. ಹಾಗಾಗಿ ದೂರದಲ್ಲೇ ಇಂಜಿನ್ ಆಫ್ ಮಾಡಿ ಪೆಟ್ಟಿಗೆ ಹೊತ್ತು ನಡೆಯುವ ಕೆಲಸವೂ ಸೇರಿಕೊಂಡಿತು. ಆದರೂ ಆ ಸೌಂಡ್ ಬಿಡಲು ಮನಸ್ಸಾಗಲಿಲ್ಲ. ಸುಸ್ತಾದ ಮೈಗೆ ಅದು ಕಾಫಿಯ ಹಾಗೆ ಇತ್ತು. ಬೆಳಗಿನ ದಾರಿಯಲ್ಲಿ ಹೆಂಡತಿಯ ಮಾತು ಕಡಿಮೆಯಾದದ್ದು ನನಗೆ ಗೊತ್ತಾಯಿತು. ಗಂಟಲಿಗೆ ವಿಶ್ರಾಂತಿ ಕೊಡುತ್ತಿದ್ದಾಳೆ ಅಂದುಕೊಂಡೆ.

ಒಂದು ಭಾನುವಾರ ಶೃಂಗೇರಿಯ ಹತ್ತಿರದ ಒಂದು ಮನೆಯಿಂದ ಫೋನ್ ಬಂತು, ಕರು ಹಾಕಿದ ಹಸು ಏಳುತ್ತಿಲ್ಲ ಎಂದು. ಹೆಂಡತಿ ತಾನೂ ಬರುತ್ತೇನೆ ಅಂದಳು. ಅವಳನ್ನು ದೇವಸ್ಥಾನದ ಹತ್ತಿರ ಇಳಿಸಿ ನಾನು ಹಸು ನೋಡಲು ಹೋದೆ. ಕ್ಯಾಲ್ಸಿಯಂ ಬಾಟಲಿ ಏರಿಸಿ, ಅದು ಮುಂಗಾಲೂರಿ ಎದ್ದು ನಿಲ್ಲುವವರೆಗೆ ಕಾದು, ಅವರು ಬಲವಂತ ಮಾಡಿದ ಊಟ ಮಾಡಿ ಬರುವಷ್ಟರಲ್ಲಿ ಬಹಳ ಹೊತ್ತಾಗಿತ್ತು. ಅವಳು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದಳು. ಕಾದದ್ದಕ್ಕೆ ಬೇಜಾರು ತೋರಿಸಲಿಲ್ಲ, ಮುಖ ಹಗುರವಾಗಿತ್ತು.

ವಾಪಸ್ ಬರುವಾಗ ಏರಿನಲ್ಲಿ ಅವಳು ನನ್ನ ಹೆಗಲ ಮೇಲೆ ಕೈ ಇಟ್ಟು ಏನೋ ಹೇಳಿದಳು. ಬಿಸಿ ಉಸಿರು ಕಿವಿಗೆ ತಾಗಿತು, ಮಾತು ತಾಗಲಿಲ್ಲ. "ಹ್ಞೂಂ," ಎಂದೆ. ಅವಳು ಮುಂದುವರಿಸಿದಳು. ಬಹಳ ಹೊತ್ತು ಹೇಳಿದಳು. ನಾನು ಮತ್ತೆ "ಹ್ಞೂಂ" ಎಂದು ತಲೆ ಆಡಿಸಿದೆ. ಅವಳು ಹೆಗಲನ್ನು ಒಮ್ಮೆ ಮೆಲ್ಲಗೆ ಅದುಮಿ ಸುಮ್ಮನಾದಳು. ಮನೆಗೆ ಬಂದು ನಾನು ಮಲಗಿಬಿಟ್ಟೆ.

ಅದಾಗಿ ಕೆಲವು ವಾರಗಳ ನಂತರ, ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ತರಕಾರಿ ಕೊಳ್ಳುತ್ತಿದ್ದಾಗ ಅವಳ ಶಾಲೆಯ ಹೆಡ್‌ಮಾಸ್ಟರು ಸಿಕ್ಕಿದರು. ಕೈ ಹಿಡಿದುಕೊಂಡರು.

"ಮೇಡಂ ಹೋದ್ರೆ ನಮಗೆ ತುಂಬಾ ಕಷ್ಟ ಆಗುತ್ತೆ ಸಾರ್. ಆದ್ರೆ ಆರೋಗ್ಯದ ಮುಂದೆ ಏನು ಹೇಳೋದು. ನೀವೇ ಒಪ್ಪಿದೀರಿ ಅಂದ್ಮೇಲೆ ನಾನು ತಡೆಯೋದಕ್ಕೆ ಹೋಗ್ಲಿಲ್ಲ. ಅರ್ಜಿ ಕಳಿಸಿದೀನಿ."

ನಾನು ಹೌದು ಹೌದು ಎಂದೆ. ಅವರು ಹೋದ ಮೇಲೂ ಸ್ವಲ್ಪ ಹೊತ್ತು ಬೀನ್ಸ್ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಮನೆಯಲ್ಲಿ ಅವಳು ಅಕ್ಕಿ ಆರಿಸುತ್ತಿದ್ದಳು. ಚೀಲ ಕೆಳಗಿಟ್ಟು ಕೇಳಿದೆ, "ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟಿದೀಯಂತೆ?"

"ಹೌದು. ಹೇಳಿದ್ನಲ್ಲ."

"ಯಾವಾಗ?"

"ಶೃಂಗೇರಿಯಿಂದ ಬರುವಾಗ. ಎಲ್ಲಾ ಹೇಳಿದೆ. ನೀವು ಹ್ಞೂಂ ಅಂದ್ರಿ. ಆಮೇಲೆ ಇನ್ನೊಂದ್ಸಲನೂ ಅಂದ್ರಿ."

"ನಂಗೆ ಒಂದು ಶಬ್ದನೂ ಕೇಳಿಸ್ಲಿಲ್ಲ."

ಅವಳ ಕೈ ಮೊರದಲ್ಲೇ ನಿಂತಿತು. "ಮತ್ತೆ ಹ್ಞೂಂ ಅಂದದ್ದು ಎಂತಕ್ಕೆ?"

ಬೇರೆ ಏನಾದರೂ ಹೇಳಬಹುದಿತ್ತು. ಇದ್ದದ್ದನ್ನೇ ಹೇಳಿದೆ. "ನೀನು ಏನೋ ಹೇಳ್ತಿದೀಯ ಅಂತ ಗೊತ್ತಾಯ್ತು. ಗಾಡಿ ನಿಲ್ಲಿಸಿ ಕೇಳೋಷ್ಟು ತ್ರಾಣ ಇರ್ಲಿಲ್ಲ."

ಅವಳು ಬೈಯಲಿಲ್ಲ. ಬೈಯುವ ದನಿಯೂ ಅವಳಲ್ಲಿರಲಿಲ್ಲ. ಮೊರದ ಅಕ್ಕಿಯನ್ನು ನೋಡುತ್ತಾ ಮೆಲ್ಲಗೆ ಹೇಳಿದಳು, "ಎಷ್ಟು ದಿನದಿಂದ ಹೇಗೆ ಹೇಳೋದು ಅಂತ ಯೋಚಿಸ್ತಿದ್ದೆ ಗೊತ್ತಾ? ನೀವು ಬೇಡ ಅಂತೀರಿ ಅಂದ್ಕೊಂಡಿದ್ದೆ. ಹ್ಞೂಂ ಅಂದಾಗ ಅಲ್ಲೇ ಅಳು ಬಂತು. ಇಷ್ಟು ಸುಲಭಕ್ಕೆ ಒಪ್ಪಿದ್ರಲ್ಲ ಅಂತ."

ಕುಕ್ಕರ್ ಕೂಗಿತು, ಊಟ ಮಾಡಿದೆವು.

ಮರುದಿನ ಬೆಳಿಗ್ಗೆ ಅವಳನ್ನು ಶಾಲೆಗೆ ಬಿಡಲಿಲ್ಲ. ರಜೆ ಹಾಕಲು ಹೇಳಿ, ನಾನೂ ಅರ್ಧ ದಿನ ರಜೆ ಹಾಕಿ, ಅವಳನ್ನು ಹಿಂದೆ ಕೂರಿಸಿಕೊಂಡು ಸೀದಾ ಮೆಕ್ಯಾನಿಕ್ ಹತ್ತಿರ ಹೋದೆ. ಇದನ್ನು ಬಿಚ್ಚಿ ಬೇರೆ ಹಾಕು, ಇವಳು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಬೇಕು ಎಂದೆ. ಅವನು ನನ್ನನ್ನೂ ಅವಳನ್ನೂ ನೋಡಿದ.

"ಎಂತದು ಡಾಕ್ಟ್ರೇ ಇದು! ಎಲ್ಲರೂ ಸೌಂಡ್ ಬೇಕು ಅಂತ ಬರ್ತಾರೆ. ಸಂಸಾರದ ಮಾತು ಕೇಳ್ಬೇಕು ಅಂತ ಸೈಲೆನ್ಸರ್ ಬದಲಿಸೋರನ್ನ ಇವತ್ತೇ ನೋಡಿದ್ದು."

ಆದರೂ ಅವನು ಕೆಲಸಕ್ಕೆ ಇಳಿದ. ಮೊದಲು ಅದೇ ಗಿಡ್ಡ ಜೋಡಿಯ ಬಾಯಿಗೆ ಶಬ್ದ ತಗ್ಗಿಸುವ ಸಣ್ಣ ಕೊಳವೆ ಸಿಕ್ಕಿಸಿದ. ಬೈಪಾಸಿನವರೆಗೆ ಹೋಗಿ ಬಂದೆವು. ಹಿಂದಿನಿಂದ ಅವಳು ಏನಾದರೂ ಹೇಳುವುದು, ನಾನು ಅದನ್ನು ತಿರುಗಿ ಹೇಳುವುದು, ಇದು ನಮ್ಮ ಪರೀಕ್ಷೆ.

"ನಾನು ಏನು ಹೇಳಿದೆ?" ಎಂದು ಇಳಿದ ಮೇಲೆ ಕೇಳಿದಳು.

"ಹಾಲಿನವನಿಗೆ ಫೋನ್ ಮಾಡ್ಬೇಕು ಅಂದೆ."

"ಅಲ್ಲ, ಹಾಗಲಕಾಯಿ ಗೊಜ್ಜು ಮಾಡ್ಬೇಕು ಅಂದೆ."

ಮೆಕ್ಯಾನಿಕ್ ಬಿದ್ದು ಬಿದ್ದು ನಕ್ಕ. ಅವಳಿಗೂ ನಗು ಬಂತು, ಕೆಮ್ಮೂ ಬಂತು.

ಎರಡನೆಯದು ಒಳಗೆ ಸದ್ದು ಹೀರುವ ಗಾಜಿನ ಹತ್ತಿ ತುಂಬಿದ ಉದ್ದನೆಯ ಜೋಡಿ. ನಿಂತಲ್ಲಿ ಅದು ಎಷ್ಟು ಮೆತ್ತಗಿತ್ತೆಂದರೆ ಇದೇ ಆಯಿತು ಅಂದುಕೊಂಡೆವು. ನರಸಿಂಹರಾಜಪುರದ ರಸ್ತೆಯಲ್ಲಿ ಸ್ವಲ್ಪ ದೂರ ಹೋದೆವು. ಸಪಾಟು ದಾರಿಯಲ್ಲಿ ಅವಳು ಹೇಳಿದ್ದೆಲ್ಲ ಕೇಳಿಸಿತು. ಏರು ಬಂದು ಇಂಜಿನ್ ಎಳೆಯತೊಡಗಿದಾಗ ಕೊಳವೆಯೊಳಗೆ ಒಂದು ಗುಂಯ್ ಎನ್ನುವ ನಾದ ಹುಟ್ಟಿತು. ಜೋರಿನದ್ದಲ್ಲ, ಆದರೆ ಸರಿಯಾಗಿ ಅವಳ ಒಡೆದ ದನಿಯ ಮಟ್ಟದಲ್ಲೇ ಇತ್ತು. ದನಿ ಅದರೊಳಗೆ ಕರಗಿ ಹೋಗುತ್ತಿತ್ತು. ನಮ್ಮ ಕಡೆ ಏರಿಲ್ಲದ ರಸ್ತೆ ಎಲ್ಲಿದೆ? ವಾಪಸ್ ಬಂದೆವು.

ಕೊನೆಗೆ ಅವನು ಅಂಗಡಿಯ ಹಿಂದಿನ ರಾಶಿಗೆ ಹೋದ. ಹೊಸ ಗಾಡಿ ತಂದವರು ಸೌಂಡ್ ಸಾಲದೆಂದು ಬಿಚ್ಚಿಸಿ ಅಲ್ಲೇ ಬಿಟ್ಟು ಹೋದ ಕಂಪೆನಿಯ ಸೈಲೆನ್ಸರ್‌ಗಳು ಅಲ್ಲಿ ಬಿದ್ದಿದ್ದವು. ನನ್ನ ಬೈಕಿನದೇ ಒಂದು ಜೋಡಿ ಸಿಕ್ಕಿತು. ಒಂದಕ್ಕೆ ಸಣ್ಣ ತಗ್ಗು ಬಿದ್ದಿತ್ತು, ಬಿಟ್ಟರೆ ಹೊಸತೇ. ಹಾಕಿ ಸ್ಟಾರ್ಟ್ ಮಾಡಿದಾಗ ಮೆಕ್ಯಾನಿಕ್ ಬೇಜಾರಿನಿಂದ ಮುಖ ತಿರುಗಿಸಿದ. ನನಗೂ ಒಳಗೆ ಸಣ್ಣ ನಿರಾಸೆಯಾಯಿತು, ಸುಳ್ಳು ಹೇಳುವುದಿಲ್ಲ. ಎದೆಗೆ ಹತ್ತುವಂಥದ್ದು ಏನೂ ಅದರಲ್ಲಿರಲಿಲ್ಲ. ಹಾಗೇ ಹೊರಟೆವು.

ಅದೇ ಏರಿನಲ್ಲಿ ಅವಳು ಹೇಳಿದಳು, "ಈಗ ಕೇಳ್ತಾ?"

"ಕೇಳ್ತು."

"ಹಾಗಾದ್ರೆ ಆವತ್ತು ಹೇಳಿದ್ದನ್ನ ಇನ್ನೊಂದ್ಸಲ ಹೇಳ್ತೀನಿ."

ನಾನು ಬೈಕಿನ ವೇಗ ಇಳಿಸಿದೆ. ಅವಳು ನಿಧಾನಕ್ಕೆ, ಡಾಕ್ಟರು ಹೇಳಿದ ಹಾಗೆ ಪಕ್ಕದವರ ಹತ್ತಿರ ಮಾತಾಡಿದಂತೆ ಹೇಳಿದಳು. ಗಂಟಲು ನೆಪ ಮಾತ್ರವಂತೆ. ಕೆಲವು ವರ್ಷಗಳಿಂದ ಬೆಳಿಗ್ಗೆ ಎದ್ದರೆ ಶಾಲೆಯ ಯೋಚನೆಗೇ ಕಾಲು ಭಾರವಾಗುತ್ತಿತ್ತಂತೆ. ಮಕ್ಕಳು ತಪ್ಪು ಲೆಕ್ಕ ಮಾಡಿದರೆ ಮೊದಲು ಯಾಕೆ ತಪ್ಪಿತು ಎಂದು ಹುಡುಕುತ್ತಿದ್ದವಳು, ಈಗ ಸುಮ್ಮನೆ ಗೀಟು ಹಾಕಿ ಮುಂದಕ್ಕೆ ಹೋಗುತ್ತಿದ್ದಾಳಂತೆ. "ಅದು ಗೊತ್ತಾದ ದಿನವೇ ಬಿಡ್ಬೇಕು ಅಂತ ಅನ್ನಿಸ್ತು," ಎಂದಳು. "ನಿಮಗೆ ಹೇಳೋಕೆ ನಾಚಿಕೆ ಆಯ್ತು. ನೀವು ಮೂರು ತಾಲ್ಲೂಕು ಸುತ್ತಿ ಬರ್ತೀರಿ. ನಾನು ಒಂದು ರೂಮಲ್ಲಿ ನಿಂತು ಸಾಕಾಯ್ತು ಅನ್ನೋದು ಹೇಗೆ?"

ಪ್ರತಿಯೊಂದು ಮಾತೂ ಕೇಳಿಸಿತು. ರಸ್ತೆ ಬದಿಯ ಕಾಫಿ ತೋಟದ ಗೇಟಿನ ಹತ್ತಿರ ಬೈಕು ನಿಲ್ಲಿಸಿದೆ. ನಿಜ ಹೇಳಬೇಕೆಂದರೆ ಮೊದಲು ಬಂದದ್ದು ಹೊಟ್ಟೆಕಿಚ್ಚು. ಹೀಗೆ ಸಾಕು ಅಂದುಬಿಡಬೇಕು ಎಂದು ನನಗೂ ಎಷ್ಟೋ ಸಲ ಅನ್ನಿಸಿತ್ತು.

"ನಂಗೂ ಸಾಕಾಗಿದೆ ಮಾರಾಯ್ತಿ," ಎಂದೆ.

"ಗೊತ್ತು," ಎಂದಳು. "ಆದ್ರೆ ಇಬ್ಬರೂ ಒಟ್ಟಿಗೆ ಬಿಡೋಕಾಗಲ್ಲ. ಮಗಳ ಓದು ಮುಗೀಲಿ. ಆಮೇಲೆ ನೀವು ಬಿಡಿ. ಆಗ ನಾನು ಹ್ಞೂಂ ಅಂತೀನಿ, ಕೇಳಿಸ್ಕೊಂಡೇ ಅಂತೀನಿ."

ಅರ್ಜಿ ಹಿಂದಕ್ಕೆ ಪಡೆಯುವ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

ಆದೇಶ ಬರಲು ಬೇಸಿಗೆಯಾಯಿತು. ಅವಳ ಕೊನೆಯ ದಿನ ಶಾಲೆಯಲ್ಲಿ ಬೀಳ್ಕೊಡುಗೆ ಇಟ್ಟಿದ್ದರು. ಬರುತ್ತೇನೆ ಎಂದು ಹೇಳಿದ್ದೆ. ಅದೇ ದಿನ ಒಂದು ಎಮ್ಮೆಗೆ ಕರು ಅಡ್ಡವಾಗಿ ಸಿಕ್ಕಿಕೊಂಡು, ಅದನ್ನು ತಿರುಗಿಸಿ ತೆಗೆಯುವಷ್ಟರಲ್ಲಿ ತೋಳು ಜೋಮು ಹಿಡಿದು ಹೋಯಿತು. ಕರು ಬದುಕಿತು. ನಾನು ಶಾಲೆಗೆ ತಲುಪಿದಾಗ ಮಕ್ಕಳು, ಮೇಷ್ಟ್ರುಗಳು ಎಲ್ಲ ಹೋಗಿಯಾಗಿತ್ತು. ಅಂಗಳದ ಪೆಂಡಾಲನ್ನು ಇಬ್ಬರು ಬಿಚ್ಚುತ್ತಿದ್ದರು. ಅವಳು ಜಗಲಿಯ ಬೆಂಚಿನ ಮೇಲೆ ಶಾಲು ಹೊದ್ದು, ಹಣ್ಣಿನ ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಕೂತಿದ್ದಳು.

"ಕರು?" ಎಂದು ಕೇಳಿದಳು.

"ಬದುಕ್ತು."

"ಸರಿ."

ಬುಟ್ಟಿ ಪೆಟ್ಟಿಗೆಯೊಳಗೆ ಹಿಡಿಯಲಿಲ್ಲ. ಅದನ್ನು ನಮ್ಮಿಬ್ಬರ ನಡುವೆ ಇಟ್ಟುಕೊಂಡು ಹತ್ತಿದಳು. ಮಾವಿನ ಹಣ್ಣಿನ ವಾಸನೆ ಬರುತ್ತಿತ್ತು. ಶೆಟ್ಟಿಕೊಪ್ಪ ದಾಟಿದ ಮೇಲೂ ಅವಳು ಏನೂ ಹೇಳದಿದ್ದಾಗ ನಾನೇ ತಲೆ ಓರೆ ಮಾಡಿ, "ಏನೇನು ಹೇಳಿದ್ರು ಎಲ್ಲರೂ?" ಎಂದು ಕೇಳಿದೆ.

"ನಾಳೆ ಹೇಳ್ತೀನಿ," ಎಂದಳು. "ಇವತ್ತು ಸುಮ್ನೆ ಓಡಿಸಿ."