ಊಟದ ಪಂಕ್ತಿಯ ವಿಡಿಯೋ

ಮೊನ್ನೆ ಅಮ್ಮನ ಟ್ರಂಕು ತೆಗೆದಾಗ ರೇಷ್ಮೆ ಸೀರೆಗಳ ನಡುವೆ ವಿಡಿಯೋ ಕ್ಯಾಸೆಟ್ಟೊಂದು ಸಿಕ್ಕಿತು. ನುಸಿಗುಳಿಗೆಯ ವಾಸನೆ ಗಮ್ಮೆಂದು ಮೂಗಿಗೆ ಹೊಡೆಯಿತು. ಎಂಬತ್ತರ ದಶಕದಲ್ಲಿ ನರಸೀಪುರದಲ್ಲಿ ನಡೆದ ನಮ್ಮಕ್ಕನ ಮದುವೆಯದು. ನನ್ನ ಮಗಳು ಅದನ್ನು ಫೋನಿಗೆ ಹಾಕಿಸಲು ತೆಗೆದುಕೊಂಡು ಹೋದಳು.

ಆ ವಿಡಿಯೋ ತೆಗೆದವನು ನಂಜನಗೂಡಿನ ನಾಗರಾಜು. ಫೋಟೋ ಸ್ಟುಡಿಯೋ ಇದ್ದ ಮಳಿಗೆಯನ್ನೇ ಮಾರಿ ವಿಡಿಯೋ ಕ್ಯಾಮೆರಾ ಕೊಂಡಿದ್ದ. ಅಂಥ ಎದೆಗಾರಿಕೆ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ನಾನಂತೂ ಒಂದು ಛತ್ರಿ ಕೊಳ್ಳುವುದಕ್ಕೆ ಎರಡು ಮಳೆಗಾಲ ಯೋಚಿಸಿದವನು. ಅವನ ಧೈರ್ಯ ಕಂಡರೆ ನನಗೆ ಈಗಲೂ ಹೊಟ್ಟೆಕಿಚ್ಚು.

ಮದುವೆ ಮನೆಯವರು ಕೊಡುತ್ತಿದ್ದುದು ಕ್ಯಾಸೆಟ್ಟಿಗೂ ಬಸ್ ಚಾರ್ಜಿಗೂ ಸರಿಹೋಗುತ್ತಿತ್ತು. ಹಾಗಾಗಿ ಚಿತ್ರದ ಶುರುವಿನಲ್ಲೇ ಅಡುಗೆಯವರು, ವಾಲಗದವರು, ಚಪ್ಪರದವರ ಹೆಸರುಗಳನ್ನು ಬಣ್ಣದ ಅಕ್ಷರಗಳಲ್ಲಿ ಹಾಕುತ್ತಿದ್ದ. ಅವರೂ ಕೈಲಾದಷ್ಟು ಕೊಡುತ್ತಿದ್ದರು. ತನ್ನ ಹೆಸರಿಗಿಂತ ಮೊದಲು ಅಡುಗೆ ಭಟ್ಟರ ಹೆಸರು ಬಂದದ್ದಕ್ಕೆ ಅಕ್ಕ ಮುಖ ಊದಿಸಿಕೊಂಡಿದ್ದಳು.

ಬಾಡಿಗೆ ಟಿವಿ ತಂದು ನಮ್ಮ ಪಡಸಾಲೆಯಲ್ಲೇ ಚಿತ್ರ ತೋರಿಸಿದ. ತಾಳಿ ಕಟ್ಟಿದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಆಮೇಲೆ ಊಟ. ಪಂಕ್ತಿಯ ಈ ತುದಿಯಿಂದ ಆ ತುದಿಗೆ, ಒಂದು ಎಲೆಯನ್ನೂ ಬಿಡದೆ, ಒಂದೊಂದು ಮುಖದ ಮುಂದೆಯೂ ನಿಂತು ನಿಂತು ತೆಗೆದಿದ್ದ. ಬಾಯಿ ತುಂಬ ಅನ್ನ, ಮೊಣಕೈವರೆಗೆ ಸಾರು.

ಅಪ್ಪ ಹಳೇ ಕಾಲದ ಮೇಷ್ಟ್ರು. ಉಣ್ಣುವವರನ್ನು ಹಾಗೆ ದಿಟ್ಟಿಸಿದರೆ ದೃಷ್ಟಿಯಾಗುತ್ತದೆಂದು ನಮಗೆ ಹೇಳಿ ಬೆಳೆಸಿದವರು. ಎದ್ದೇಬಿಟ್ಟರು.

"ಏನಯ್ಯಾ ಇದು, ಅಸಹ್ಯ! ಊಟದ್ದು ಪೂರಾ ಕತ್ತರಿಸು. ಇಲ್ಲದಿದ್ರೆ ನಮ್ಮ ಕಡೆಯ ಒಂದು ಮದುವೆಗೂ ನಿನ್ನನ್ನ ಕರೆಯೋಹಾಗಿಲ್ಲ."

ನಾಗರಾಜು ಬೆವರೊರೆಸಿಕೊಂಡ. "ಬೇಕಾದ್ರೆ ಮಂಟಪದ್ದು ಕತ್ತರಿಸ್ತೀನಿ ಸಾ, ಊಟದ್ದು ಮಾತ್ರ ಬ್ಯಾಡಿ. ಗಂಡು ಎಣ್ಣು ಇನ್ನೊಂದ್ಸಲ ಮದ್ವೆ ಆಗ್ತಾರಾ? ಪಂಕ್ತೀಲಿ ಕುಂತೋರ ಮನೇಲೆಲ್ಲ ಎಣ್ಮಕ್ಕಳವ್ರೆ. ಅವರ ಮೊಕ ಟಿವೀಲಿ ಕಂಡ್ರೇನೇ ನನ್ನ ಕರೆಯೋದು. ಅಂಗಡಿನೂ ಇಲ್ಲ ಈಗ, ಇದೇ ನನ್ನ ಅಂಗಡಿ."

ಅಪ್ಪ ಏನೋ ಹೇಳಹೊರಟಿದ್ದರು. ಅಷ್ಟರಲ್ಲಿ ಮೂಗೂರಿನಿಂದ ಬಂದಿದ್ದ ಸಣ್ಣಮ್ಮತ್ತೆ ಚೀರಿದಳು, "ಅಯ್ಯೋ, ನಾನು ಕಣ್ರೋ! ಎಂಗ್ ಉಣ್ತಾ ಇವ್ನಿ ನೋಡಿ!" ಪಡಸಾಲೆಯೆಲ್ಲ ನಗು. ನಗು ನಿಲ್ಲುವ ಮುಂಚೆಯೇ ತನ್ನ ಮಗಳ ಮದುವೆಗೆ ನಾಗರಾಜುವನ್ನು ಗೊತ್ತು ಮಾಡಿಬಿಟ್ಟಳು. ಅಪ್ಪ ಗೊಣಗುತ್ತ ಕುಳಿತರು. ಕತ್ತರಿಸುವ ಮಾತು ಮತ್ತೆ ಎತ್ತಲಿಲ್ಲ.

ಆಮೇಲೆ ನಾಗರಾಜು ಸುತ್ತೂರು, ದೇವನೂರು ಅಂತ ಎಲ್ಲ ಕಡೆ ಕ್ಯಾಮೆರಾ ಹೊತ್ತು ತಿರುಗಿದ. ಮಾರಿದ ಮಳಿಗೆಯ ಎದುರಿಗೇ ಹೊಸ ಮಳಿಗೆ ಹಿಡಿದ. ಭಲೇ ಎನ್ನಬೇಕು.

ನಿನ್ನೆ ಮಗಳು ಫೋನು ತಂದು ತೋರಿಸಿದಳು. ಅಪ್ಪ ಹೋಗಿ ಎಷ್ಟೋ ವರ್ಷಗಳಾದವು. ನಮ್ಮಲ್ಲಿರುವ ಅವರ ಫೋಟೋಗಳೆಲ್ಲ ಕೋಟು ಹಾಕಿಕೊಂಡು, ಉಸಿರು ಬಿಗಿಹಿಡಿದು ಕುಳಿತವು. ಮಂಟಪದಲ್ಲೂ ಹಾಗೆಯೇ ನಿಂತಿದ್ದಾರೆ. ಆದರೆ ಪಂಕ್ತಿಯ ನಡುವೆ, ಪಂಚೆ ಎತ್ತಿ ಕಟ್ಟಿ, ಪಾಯಸದ ಬಕೆಟ್ಟು ಹಿಡಿದು ಬರುತ್ತಾರೆ. ಬೀಗರು ಎಲೆಗೆ ಎರಡೂ ಕೈ ಅಡ್ಡ ಹಿಡಿದರೂ ಬಿಡದೆ ಸುರಿದು, ತಲೆ ಹಿಂದಕ್ಕೆಸೆದು ನಗುತ್ತಾರೆ. ಅಪ್ಪ ಹಾಗೆ ನಗುತ್ತಿದ್ದರೆಂಬುದೇ ನನಗೆ ಮರೆತುಹೋಗಿತ್ತು.

"ಫೈಲು ತುಂಬಾ ದೊಡ್ಡದಾಯ್ತಪ್ಪ. ಊಟದ್ದು ಕಟ್ ಮಾಡಿಬಿಡ್ಲಾ?" ಎಂದಳು ಮಗಳು.

"ಬೇಕಾದ್ರೆ ಮಂಟಪದ್ದು ಮಾಡು," ಎಂದೆ.