ಮಾದರಿಗೆಂದು ಮಡಿಸಿದ ಹೂವು

ಆ ಶಾಲೆಯಲ್ಲಿ ಕ್ರಾಫ್ಟ್ ಕಲಿಸುವವಳನ್ನು ಮಕ್ಕಳೆಲ್ಲ ಕರೆಯುತ್ತಿದ್ದದ್ದು ಕಾಗದದ ಮಿಸ್ ಎಂದು. ಹತ್ತೊಂಬತ್ತು ವರ್ಷದ ಕೆಲಸ. ಕೈಗೆ ಒಂದು ಹಾಳೆ ಸಿಕ್ಕರೆ ಸಾಕು, ಮಾತಾಡುತ್ತ ಮಾತಾಡುತ್ತಲೇ ಅದು ದೋಣಿಯೋ ಹಕ್ಕಿಯೋ ಆಗಿಬಿಡುತ್ತಿತ್ತು. ಬಸ್ ಟಿಕೆಟ್ಟನ್ನೂ ಬಿಟ್ಟವಳಲ್ಲ. "ನಮ್ಮ ಮದುವೆ ಸರ್ಟಿಫಿಕೇಟ್ ನಿನ್ನ ಕೈಗೆ ಸಿಗದಂಗೆ ನೋಡ್ಕೋಬೇಕು ಕಣೆ," ಎಂದು ಗಂಡ ರೇಗಿಸುತ್ತಿದ್ದ.

ಆ ಗಂಡ ತೀರಿಕೊಂಡು ಏಳು ವಾರವಾಗಿತ್ತು. ಅವಳು ಅತ್ತಿರಲಿಲ್ಲ. ಅಕ್ಕ ಬಂದು ಹದಿನೈದು ದಿನ ಜೊತೆಗಿದ್ದು, "ಒಂದ್ಸಲ ಜೋರಾಗಿ ಅತ್ಬಿಡೇ, ಹಗುರಾಗುತ್ತೆ," ಎಂದು ಗೋಗರೆದು ಗೋಗರೆದು ಸುಸ್ತಾಗಿ ಊರಿಗೆ ಹೋದಳು. ಅಳುವುದಕ್ಕೆ ಒಳಗೆ ಏನಾದರೂ ಇರಬೇಕಲ್ಲ! ಬೆಳಿಗ್ಗೆ ಏಳುತ್ತಿದ್ದಳು, ಒಲೆಯ ಮುಂದೆ ನಿಂತೇ ಎರಡು ತುತ್ತು ನುಂಗುತ್ತಿದ್ದಳು, ಶಾಲೆಗೆ ಬರುತ್ತಿದ್ದಳು. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಜೋಮು ಹಿಡಿದಿರುತ್ತದಲ್ಲ, ಹಾಗಾಗಿತ್ತು ಇಡೀ ಮೈ.

ಬ್ಯಾಗಿನ ಒಳಜೇಬಿನಲ್ಲಿ ಒಂದು ಚೀಟಿಯಿತ್ತು. ಆಸ್ಪತ್ರೆಯಲ್ಲಿ ಕೊನೆಯ ದಿನ, ಗಂಟಲಲ್ಲಿ ನಳಿಗೆಯಿದ್ದು ಮಾತು ಹೊರಡದೆ, ಸೂಜಿ ಚುಚ್ಚಿದ ಕೈಯಲ್ಲೇ ಗಂಡ ಸೊಟ್ಟಸೊಟ್ಟಗೆ ಬರೆದುಕೊಟ್ಟದ್ದು: 'ಮನೆಗೆ ಹೋಗು. ಹೊಟ್ಟೆ ತುಂಬ ಊಟ ಮಾಡು.' ಅವಳು ಹೋದಳು. ಎರಡು ದಿನದ ಹಸಿವು. ಎರಡು ಸಲ ಬಡಿಸಿಕೊಂಡು ಉಂಡಳು. ಕೈ ತೊಳೆಯುವಾಗ ಫೋನ್ ಬಂತು. ಅವನು ಅಲ್ಲಿ ಸಾಯುತ್ತಿದ್ದಾಗ ತಾನಿಲ್ಲಿ ತಟ್ಟೆ ತುಂಬಿಸಿಕೊಳ್ಳುತ್ತಿದ್ದೆ ಎಂಬುದನ್ನು ಅವಳು ಅಕ್ಕನಿಗೂ ಹೇಳಿರಲಿಲ್ಲ.

ಹೆಡ್ ಮಿಸ್ಸಿಗೆ ಆ ತಿಂಗಳು ಕೃತಜ್ಞತೆಯ ಹುಚ್ಚು ಹಿಡಿದಿತ್ತು. ಹೋದ ತಿಂಗಳು ನೀರು ಉಳಿಸುವ ಹುಚ್ಚು. ಈಗ ಮಕ್ಕಳು ಚೌಕ ಕಾಗದದಲ್ಲಿ ಯಾರಿಗೆ ಏಕೆ ಥ್ಯಾಂಕ್ಸ್ ಎಂದು ಬರೆಯಬೇಕು, ಬರೆದದ್ದು ಒಳಗೆ ಹೋಗುವಂತೆ ಮಡಿಸಿ ಹೂವು ಮಾಡಬೇಕು, ಅವರವರ ಕೈಗೇ ಕೊಡಬೇಕು. ಆಫೀಸಿನ ರದ್ದಿಯಲ್ಲಿ ಒಂದು ಬದಿ ಖಾಲಿಯಿದ್ದ ಹಾಳೆಗಳೇ ಇದಕ್ಕೆ ಸಾಕಂತೆ. "ನಿಮ್ಮ ಮನಸ್ಸೂ ಸ್ವಲ್ಪ ಬೇರೆ ಕಡೆ ಹೋಗುತ್ತೆ," ಎಂದರು ಹೆಡ್ ಮಿಸ್. ಮನಸ್ಸು ಅಂತ ಒಂದಿದ್ದರಲ್ಲವೇ ಹೋಗುವುದು! ಅವಳು "ಆಯ್ತು ಮೇಡಂ" ಎಂದಳು.

ಐದನೇ ತರಗತಿಯಲ್ಲಿ ಮೇಜಿನ ಮೇಲಿನ ಹಾಳೆಗಳು ಮುಗಿದವು. ಕೈ ತಾನಾಗಿ ಉಳಿದ ರದ್ದಿಯಿದ್ದ ಬ್ಯಾಗಿಗೆ ಹೋಯಿತು, ಒಂದು ಕಾಗದ ತಂತು, ಅಂಚು ಹರಿದು ಚೌಕ ಮಾಡಿತು, ಮಡಿಸಿತು. "ಮೂಲೆ ಮಧ್ಯಕ್ಕೆ. ತಿರುಗಿಸಿ. ಮತ್ತೆ ಮೂಲೆ ಮಧ್ಯಕ್ಕೆ." ಅವಳ ಕಣ್ಣು ಕಿಟಕಿಯಾಚೆ ಎಲ್ಲೋ ಇತ್ತು. ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿಗೆ ಮೂರು ಹಾಳೆ ಮುದ್ದೆಯಾದರೂ ಹೂವು ಬರಲಿಲ್ಲ. ಬೆಲ್ ಹೊಡೆಯಿತು, ಹುಡುಗಿಯ ತುಟಿ ಸೊಟ್ಟಗಾಯಿತು. "ತಗೋ," ಎಂದು ಕಾಗದದ ಮಿಸ್ ಮಾದರಿಯ ಹೂವನ್ನೇ ಅದರ ಕೈಗಿಟ್ಟಳು.

ಸಂಜೆ ಬಾಗಿಲಲ್ಲಿ ನಿಂತು ಬೀಗದ ಕೈ ಹುಡುಕುವಾಗ ಒಳಜೇಬು ಖಾಲಿಯಿತ್ತು. ಬ್ಯಾಗನ್ನು ನೆಲಕ್ಕೆ ಸುರಿದಳು. ರದ್ದಿ ಹಾಳೆಗಳಿದ್ದವು, ಚೀಟಿಯಿಲ್ಲ. ಅವನು ಕೈಯಾರೆ ಬರೆದದ್ದೆಂದು ಮನೆಯಲ್ಲಿ ಉಳಿದದ್ದು ಅದೊಂದೇ, ಅದನ್ನೂ ಅವಳು ಹೂವು ಮಾಡಿ ಹಂಚಿಬಿಟ್ಟಿದ್ದಳು.

ಮರುದಿನ ಪ್ರಾರ್ಥನೆಗೂ ಮೊದಲೇ ಹುಡುಗಿಯನ್ನು ಹಿಡಿದಳು. "ಯಾರಿಗೆ ಕೊಟ್ಟೆ ಪುಟ್ಟಿ?"

"ನಮ್ಮ ಬಸ್ಸಿನ ಹಾರ್ನ್ ಅಂಕಲ್‌ಗೆ. ಒಳಗೆ ಏನೂ ಬರೀಲಿಲ್ಲ ಮಿಸ್, ಬೈಬೇಡಿ."

ಹಾರ್ನ್ ಅಂಕಲ್ ಎಂದರೆ ಬೀದಿಯ ನಾಯಿಗೂ ಹಾರ್ನ್ ಹೊಡೆದು ಬೈಯುವ ಸಿಡುಕು ಮೋರೆಯ ಡ್ರೈವರ್. ಶಾಲೆಯ ಹಿಂದೆ ನಿಂತಿದ್ದ ಬಸ್ಸಿನಲ್ಲಿ, ಕನ್ನಡಿಯ ಪಕ್ಕದಲ್ಲೇ, ಬಿಡಿಸಿದ ಚೀಟಿಯನ್ನು ಟೇಪು ಹಾಕಿ ಅಂಟಿಸಿಕೊಂಡಿದ್ದ.

"ಬನ್ನಿ ಮಿಸ್, ನೋಡಿ ಇದನ್ನ! ಇಪ್ಪತ್ತು ವರ್ಷದಿಂದ ಸ್ಟೇರಿಂಗ್ ತಿರುಗಿಸ್ತಿದೀನಿ, ಊಟ ಆಯ್ತಾ ಅಂತ ಒಬ್ಬರೂ ಕೇಳಿಲ್ಲ. ಆ ಪಿಳ್ಳೆ ಬರೆದಿದೆ! ಅಕ್ಷರ ಸೊಟ್ಟ, ಹೋಗು ಮಾಡು ಅಂತ ಏಕವಚನ ಬೇರೆ. ಇರ್ಲಿ ಬಿಡಿ. ನಿನ್ನೆ ನಮ್ಮವಳಿಗೂ ತೋರಿಸಿ, ಎರಡು ಸಲ ಹಾಕಿಸ್ಕೊಂಡು ಉಂಡೆ."

ಸುಮ್ಮನೆ ತಿರುಗಿ ಹೋಗಿಬಿಡಲೇ ಅನ್ನಿಸಿತು. ಕಾಲು ಕೇಳಲಿಲ್ಲ. "ಅದು ಮಗು ಬರೆದದ್ದಲ್ಲ," ಎಂದಳು. "ನಮ್ಮ ಮನೆಯವರು. ಆಸ್ಪತ್ರೇಲಿ, ಕೊನೇ ದಿನ. ನನಗೆ ಬರೆದದ್ದು. ಗೊತ್ತಾಗದೆ ಮಡಿಸಿ ಕೊಟ್ಬಿಟ್ಟೆ."

ಡ್ರೈವರ್ ಟೇಪನ್ನು ಉಗುರಿನಿಂದ ಸ್ವಲ್ಪಸ್ವಲ್ಪವೇ ಎಬ್ಬಿಸಿ, ಅಕ್ಷರ ಕಿತ್ತುಬರದಂತೆ ಚೀಟಿ ಬಿಡಿಸಿ ಅವಳ ಕೈಗೆ ಕೊಟ್ಟ. ಆಮೇಲೆ ಕೇಳಿದ, "ಅವತ್ತು ಹೋದ್ರಾ ಮಿಸ್, ಮನೆಗೆ?"

"ಹೂಂ."

"ಊಟ?"

"ಹೊಟ್ಟೆ ತುಂಬ ಉಂಡೆ. ಎರಡು ಸಲ ಬಡಿಸ್ಕೊಂಡೆ. ಅಷ್ಟರಲ್ಲಿ ಅವರು ಹೋಗ್ಬಿಟ್ಟಿದ್ರು."

"ಮತ್ತೆ? ಅವರು ಕೇಳಿದ್ದೂ ಅದನ್ನೇ ತಾನೇ," ಎಂದ ಡ್ರೈವರ್. "ಕೇಳಿದ್ದನ್ನ ನಡೆಸಿಕೊಟ್ರಲ್ಲ."

ಅವಳು ಮೊದಲ ಸೀಟಿನಲ್ಲಿ ಕೂತುಬಿಟ್ಟಳು. ಅಳು ಬರಲಿಲ್ಲ. ಚೀಟಿಯನ್ನು ಒಳಜೇಬಿಗೆ ಸೇರಿಸಿ, ಒಂದು ರದ್ದಿ ಹಾಳೆ ತೆಗೆದು ಖಾಲಿ ಬದಿಯಲ್ಲಿ ಬರೆದಳು: 'ಮನೆಗೆ ಹೋಗಿ. ಹೊಟ್ಟೆ ತುಂಬ ಊಟ ಮಾಡಿ.' ಬರೆದು ಮಡಿಸಲು ಹೋದರೆ ಮೂಲೆ ಮಧ್ಯಕ್ಕೆ ಬರಲಿಲ್ಲ. ಮತ್ತೆ ಮಡಿಸಿದಳು, ಮತ್ತೆ ಬರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಹೀಗಾಗಿರಲಿಲ್ಲ.

"ಕೊಡಿ ಮಿಸ್, ಹಾಗೇ ಕೊಡಿ," ಎಂದು ಡ್ರೈವರ್ ಸುಕ್ಕಾದ ಹಾಳೆಯನ್ನು ತೆಗೆದುಕೊಂಡು, ಕನ್ನಡಿಯ ಪಕ್ಕ ಅದೇ ಜಾಗಕ್ಕೆ ಅಂಟಿಸಿದ.