ಕುವೈತಿನ ಶುಕ್ರವಾರಗಳು

ಭಾವ ಕುವೈತಿನಲ್ಲಿ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡ ಮೇಲೆ ಅಕ್ಕ ಆಂಧ್ರದ ಆದೋನಿಗೆ, ನಮ್ಮ ಮನೆಗೆ ವಾಪಸಾದಳು. ಎಂಬತ್ತರ ದಶಕದ ನಡುವಿನ ಮಾತು. ನಾನಾಗ ಕಾಲೇಜು ಸೇರಿದ್ದೆ. ಭಾವ ಅಲ್ಲಿ ಎಲೆಕ್ಟ್ರಿಕ್ ಕೆಲಸದ ಮೇಸ್ತ್ರಿಯಾಗಿದ್ದರು. ಮದುವೆಯಾದ ಮೇಲೆ ಅಕ್ಕನನ್ನೂ ಕರೆಸಿಕೊಂಡಿದ್ದರು. ಹೋಗುವಾಗ ಇಬ್ಬರೂ ನಗುತ್ತ ಬೊಂಬಾಯಿ ರೈಲು ಹತ್ತಿದ್ದರು. ಅದೇ ಗಾಡಿಯಲ್ಲಿ ಅಕ್ಕ ಹೆಣದ ಪೆಟ್ಟಿಗೆಯ ಜೊತೆ ಬಂದಿಳಿದಳು.

ಬಂದವಳಿಗೆ ಊಟವೇ ಸೇರದಾಯಿತು. ಅವ್ವ ಬಿಸಿ ರೊಟ್ಟಿ ಬಡಿದು ಹಾಕಿದರೆ ಒಂದು ತುಂಡು ಮುರಿದು ಸುಮ್ಮನೆ ಕೂರುತ್ತಿದ್ದಳು. ಪುಂಡಿಪಲ್ಯ ಮಾಡಿದರೂ ಅಷ್ಟೇ, ಹೋಳಿಗೆ ಮಾಡಿದರೂ ಅಷ್ಟೇ.

"ಏನು ಬೇಕವ್ವ ನಿನಗ? ಬಾಯಿಬಿಟ್ಟು ಹೇಳಬಾರದೇನು?" ಎಂದು ಅವ್ವ ಅಳುತ್ತಿದ್ದಳು.

"ಏನೂ ಬ್ಯಾಡವ್ವ" ಎಂದು ಅಕ್ಕ ಎದ್ದು ಕೈ ತೊಳೆಯುತ್ತಿದ್ದಳು.

ಒಂದು ಸಂಜೆ ನಾನು, ಅಕ್ಕ ಇಬ್ಬರೂ ದವಾಖಾನೆಯಿಂದ ನಡೆದು ಬರುತ್ತಿದ್ದೆವು. ಸ್ಟೇಷನ್ ರಸ್ತೆಯಲ್ಲಿ ಹೊಸ ಹೋಟೆಲೊಂದು ಶುರುವಾಗಿತ್ತು. 'ಚೈನೀಸ್' ಎಂದು ಕೆಂಪು ಬಣ್ಣದಲ್ಲಿ ತೆಲುಗು ಬೋರ್ಡು. ನೇಪಾಳದ ಅಡುಗೆಯವನೊಬ್ಬ ಬಾಗಿಲ ಬಳಿಯೇ ದೊಡ್ಡ ಬಾಣಲೆ ಇಟ್ಟುಕೊಂಡಿದ್ದ. ನಮ್ಮಂಥ ಲಿಂಗವಂತರ ಮನೆಯವರು ಆ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೆಳ್ಳುಳ್ಳಿ, ಎಲೆಕೋಸು ಹುರಿದ ಹೊಗೆ ರಸ್ತೆಗೆ ಬಂತು. ಅಕ್ಕ ನಿಂತುಬಿಟ್ಟಳು.

"ಒಳಗ ಹೋಗೂಣೇನು?"

"ಅಪ್ಪಗ ಗೊತ್ತಾದ್ರ?"

"ಗೊತ್ತಾಗ್ಲಿ ಬಿಡು. ನನಗ ಹಸಿವಾಗೈತಿ."

ಅಷ್ಟು ತಿಂಗಳಲ್ಲಿ ಆ ಮಾತು ಆಕೆಯ ಬಾಯಿಂದ ಬಂದದ್ದು ಅದೇ ಮೊದಲು. ನಾನೇ ಮುಂದಾಗಿ ಮೆಟ್ಟಿಲು ಹತ್ತಿದೆ.

ಹೆಂಗಸರಿಗೆಂದು ಪರದೆ ಬಿಟ್ಟ ಸಣ್ಣ ಕೋಣೆಯಿತ್ತು. ಸಪ್ಲೈಯರ್ ಬಂದು ತೆಲುಗಿನಲ್ಲಿ "ಇದ್ದರೇನಾ ಅಮ್ಮಾ?" ಎಂದ. ಅಕ್ಕ ಪರದೆಯಾಚೆ ನೋಡಿದಳು. ಹೌದು, ಇಬ್ಬರೇ ಎಂದು ನಾನು ಹೇಳಿದೆ. ಮೊಟ್ಟೆ, ಮಾಂಸ ಮುಟ್ಟದ ಬಾಣಲೆಯಲ್ಲಿ ಮಾಡಿಸಿಕೊಡಲು ಅಕ್ಕ ಕೇಳಿಕೊಂಡಳು. ನೂಡಲ್ಸ್ ಬಂದಾಗ ನಿಂಬೆಹಣ್ಣಿನ ಹೋಳು ತರಿಸಿ ಹಿಂಡಿದಳು. ನನ್ನ ಫೋರ್ಕಿನಿಂದ ಎಳೆಗಳು ಜಾರಿ ಬೀಳುತ್ತಿದ್ದವು. ಆಕೆ ಮಾತ್ರ ಸಲೀಸಾಗಿ ಸುತ್ತಿ ಸುತ್ತಿ ತಿಂದಳು. ತಿನ್ನುತ್ತಲೇ ಮಾತಿಗಿಳಿದಳು.

"ಅಲ್ಲಿ ನಮ್ಮ ಮನಿ ಕೆಳಗ ಒಂದು ಸಣ್ಣ ಹೋಟೆಲ್ ಇತ್ತು. ಫಿಲಿಪ್ಪೀನ್ಸ್ ದೇಶದಾಕಿ ಅಡುಗಿ ಮಾಡ್ತಿದ್ಲು. ಶುಕ್ರವಾರ ಇವರಿಗೆ ರಜಾ, ತಪ್ಪದ ಅಲ್ಲೇ ಊಟ. ಪನ್ಸಿತ್ ಅಂತಾರ ಅವರು, ಇದರಕಿಂತ ಸಣ್ಣ ಎಳಿ. ನನ್ನ ಸಲುವಾಗಿ ಬ್ಯಾರೆ ಬಾಣಲಿ ಇಟ್ಟಿದ್ಲು ಪುಣ್ಯಾತಗಿತ್ತಿ."

"ಆಕಿ ಮಾತು ನಿನಗ ತಿಳೀತಿತ್ತೇನಕ್ಕ?"

"ಎಲ್ಲಿ ತಿಳೀತೈತಿ? ಮೊದಲ ದಿನ ನನ್ನ ನೋಡಿ 'ಅತೆ, ಅತೆ' ಅಂದ್ಲು. ನನಗಿಂತ ನಾಕು ವರ್ಷ ಸಣ್ಣಾಕಿ ಇರಬೇಕು, ನಾನು ಈಕಿಗೆ ಅತ್ತಿ ಹೆಂಗ ಆದ್ನಿ ಅಂತ ಸಿಟ್ಟು ಬಂತು. ಅವರ ಮಾತಿನ್ಯಾಗ ಹಂಗಂದ್ರ ಅಕ್ಕ ಅಂತ."

ಅಕ್ಕ ನಕ್ಕಳು. ನಾನೂ ನಕ್ಕೆ. ಸಪ್ಲೈಯರ್ ಪರದೆ ಸರಿಸಿ ನೋಡಿ ಹೋದ.

"ಇವರ ಹುಟ್ಟಿದ ದಿನಾನೂ ಒಂದು ಶುಕ್ರವಾರ ಬಂತು. ದೊಡ್ಡ ತಟ್ಟಿ ತುಂಬ ಮಾಡಿ ತಂದ್ಲು. ಹುಟ್ಟಿದ ದಿನ ಎಳಿ ಕಡೀಬಾರದಂತ. ಎಳಿ ಎಷ್ಟು ಉದ್ದಾನೋ ಆಯುಷ್ಯ ಅಷ್ಟು ಅಂತ ಅವರ ನಂಬಿಕಿ. ಇವರು ಕೇಳ್ತಾರೇನು? ಚಮಚದಿಂದ ಪುಡಿ ಪುಡಿ ಮಾಡಿ ಉಪ್ಪಿಟ್ಟು ತಿಂದಂಗ ತಿಂದ್ರು. ಆಕಿ ತಲಿ ಮ್ಯಾಲ ಕೈ ಇಟಗೊಂಡ್ಲು. ನನಗ ನಕ್ಕು ನಕ್ಕು ಹೊಟ್ಟಿ ಹುಣ್ಣಾತು."

ಎಳೆಗಳನ್ನು ಫೋರ್ಕಿಗೆ ಸುತ್ತುತ್ತ ಅಂದಳು, "ಮುಂದಿನ ಶುಕ್ರವಾರ ನಾವು ಹೋಗ್ಲಿಲ್ಲ."

ಆಕೆ ತಲೆ ತಗ್ಗಿಸಿ ತಟ್ಟೆಯಲ್ಲಿ ಉಳಿದದ್ದನ್ನೂ ತಿಂದು ಮುಗಿಸಿದಳು.

ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅವ್ವ ಬಾಗಿಲಲ್ಲೇ ನಿಂತಿದ್ದಳು.

"ಗಂಡ ಹೋಗಿ ವರ್ಷ ತುಂಬಿಲ್ಲ, ಹೋಟೆಲ್‌ನ್ಯಾಗ ಕುಂತು ನಕ್ಕೋತ ತಿಂತೀರೇನು? ಮಂದಿ ನಮ್ಮ ಮುಖಕ್ಕ ಉಗಳ್ತಾರ!"

ಅಕ್ಕ ಒಳಗೆ ಹೋಗಿ ಕದ ಹಾಕಿಕೊಂಡಳು. ಅಪ್ಪ ಹತ್ತಿ ಮಾರ್ಕೆಟ್ಟಿನಿಂದ ಬಂದಾಗ ಅವ್ವ ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು. ಅಪ್ಪ ಅಂಗಿಗೆ ಮೆತ್ತಿದ ಹತ್ತಿಯ ಎಳೆಗಳನ್ನು ತೆಗೆಯುತ್ತ ಕೇಳಿಸಿಕೊಂಡರು. ಆಮೇಲೆ ನನ್ನನ್ನು ಕರೆದು ಒಂದೇ ಮಾತು ಕೇಳಿದರು.

"ಉಂಡ್ಳೇನು?"

"ತಟ್ಟಿ ಖಾಲಿ ಮಾಡಿದ್ಲಪ್ಪ."

ಮರುವಾರ ಅಪ್ಪ ಹೊತ್ತು ಮುಳುಗುವ ಮೊದಲೇ ಮನೆಗೆ ಬಂದು, ಒಗೆದ ಧೋತರ ಉಟ್ಟು, ಅಕ್ಕನಿಗೆ "ನಡಿಯವ್ವ" ಎಂದರು. ಎಲ್ಲಿಗೆಂದು ಹೇಳಲಿಲ್ಲ. ನಾನೂ ಹಿಂದೆಯೇ ಹೊರಟೆ. ಗುಂತಕಲ್ಲಿಗೆ ಹೋದರೂ ಮನೆಯ ಬುತ್ತಿ ಕಟ್ಟಿಕೊಂಡು ಹೋಗುವ ಮನುಷ್ಯ, ಹೊರಗೆ ಚಹಾ ಸಹ ಕುಡಿದವರಲ್ಲ. ಆ ಹೋಟೆಲಿನ ಮುಂದೆಯೇ ಹೋಗಿ ನಿಂತರು. ಸಪ್ಲೈಯರ್ ಪರದೆಯ ಕಡೆ ಕೈ ತೋರಿಸಿದ.

"ನನ್ನ ಮಗಳು ಪರದಿ ಹಿಂದ ಯಾಕ ಕೂಡಬೇಕು?" ಎಂದು ಅಪ್ಪ ನಡುವಿನ ಟೇಬಲ್ಲಿಗೇ ಹೋಗಿ ಕೂತರು.

ಮಾರ್ಕೆಟ್ಟಿನ ಗುರುತಿನವರು ಕೆಲವರು ಅಲ್ಲಿದ್ದರು. ಮಾತು ನಿಲ್ಲಿಸಿ ನಮ್ಮನ್ನೇ ನೋಡಿದರು. ಅಪ್ಪ ಯಾರ ಕಡೆಗೂ ಕಣ್ಣೆತ್ತಲಿಲ್ಲ. ನೂಡಲ್ಸ್ ಬಂದ ಮೇಲೆ ಅಂಗಿಯೊಳಗಿನ ಲಿಂಗವನ್ನು ಮುಟ್ಟಿಕೊಂಡು, ಕೈಯಿಂದಲೇ ತುತ್ತು ಮಾಡಲು ನೋಡಿದರು. ಎಳೆಗಳು ಮೀಸೆಗೆ ಅಂಟಿದವು. ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ನುಂಗಿದರು.

"ಚಲೋ ಐತವ್ವ. ನೀನೂ ತಿನ್ನು" ಎಂದರು.

ಅಕ್ಕ ಅವರನ್ನೇ ನೋಡುತ್ತಿದ್ದಳು. ಒಂದು ತುತ್ತೂ ಎತ್ತಲಿಲ್ಲ. ಕಣ್ಣೀರು ಸುಮ್ಮನೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಸಾಕಪ್ಪ. ಮನಿಗೆ ಹೋಗೂಣು."

"ಇಲ್ಲವ್ವ, ಬೇಕಾದ್ರ ದಿನಾ ಕರಕೊಂಡು ಬರ್ತೀನಿ."

"ಬ್ಯಾಡಪ್ಪ."

ಮನೆಗೆ ಬಂದ ಮೇಲೆ ಅಕ್ಕ ನನಗೆ ಹೇಳಿದಳು: "ನಿನ್ನ ಸಂಗಟ ಪರದಿ ಹಿಂದ ಕುಂತಾಗ ಇವರು ಹೊರಗ ಎಲ್ಲೋ ಅದಾರ, ಈಗ ಬರ್ತಾರ ಅನಿಸ್ತಿತ್ತು. ಇವತ್ತು ನನ್ನ ಎದುರಿಗೆ, ಇವರು ಕೂಡೋ ಜಾಗದಾಗ ಅಪ್ಪ ಕುಂತ್ರು. ಇನ್ನ ಬರಂಗಿಲ್ಲ ಅಂತ ಖರೇ ಅನಿಸಿಬಿಡ್ತು."

ಆಮೇಲೆ ಆಕೆ ಆ ರಸ್ತೆಯಲ್ಲೇ ಓಡಾಡಲಿಲ್ಲ. ಅಪ್ಪ ಮರುಮದುವೆಯ ಮಾತು ತೆಗೆದರೆ ಎದ್ದು ಹೋಗುತ್ತಿದ್ದಳು. ಹೊಲಿಗೆ ಕಲಿತು, ಹೊಳಗುಂದದಲ್ಲಿ ಹೆಣ್ಣುಮಕ್ಕಳಿಗೆ ಕಲಿಸುವ ಕೆಲಸ ಹಿಡಿದು, ಅಲ್ಲೇ ಒಂದು ಖೋಲಿ ಬಾಡಿಗೆಗೆ ತೆಗೆದುಕೊಂಡಳು. ನಾನು ಹೋದಾಗಲೆಲ್ಲ ರೊಟ್ಟಿ ಮಾಡಿ ಬಡಿಸಿ, ಎದುರಿಗೆ ಕೂತು ನಾನು ಉಣ್ಣುವುದನ್ನು ನೋಡುತ್ತಿದ್ದಳು. "ನೀನೂ ತಟ್ಟಿ ಹಚ್ಚಿಕೊಂಡು ಉಣ್ಣು ಅಕ್ಕ" ಎಂದರೆ, "ನಂದು ಆಮ್ಯಾಲ" ಎನ್ನುತ್ತಿದ್ದಳು. ಆಕೆ ಯಾವಾಗ ಉಂಡಳೋ ನಾನು ಒಮ್ಮೆಯೂ ಕಾಣಲಿಲ್ಲ.